ಕೋಲ್ಡ್ ರೂಮ್ ಕಟ್ಟೋ ಮುಂಚೆ ಒಂದು ನೋಟ್‌ಬುಕ್: ಬಿಸಿನೆಸ್ ಅನಲಿಸ್ಟ್ ಕೆಲಸವನ್ನು ಊರಲ್ಲೇ ಕಲಿತ ಕಥೆ

ಹೋದ ವರ್ಷ ಯುಗಾದಿ ಆದ ಮೇಲೆ ನಮ್ಮ ತರಕಾರಿ ಗುಂಪಿನ ಮೀಟಿಂಗಲ್ಲಿ 7 ಲಕ್ಷದ ಒಂದು ತೀರ್ಮಾನ ಇನ್ನೇನು ಆಗೇಹೋಗಿತ್ತು. ಮಾಗಡಿ ಕಡೆಯ 14 ಜನ ಸಾವಯವ ಬೆಳೆಗಾರರು ಸೇರಿ ವಾರಕ್ಕೆ ಎರಡು ಸಲ ಬೆಂಗಳೂರಿನ ಅಂಗಡಿಗಳಿಗೆ ಮಾಲು ಕಳಿಸ್ತೀವಿ. ಮಾಲು ಬಾಡಿದೆ ಅಂತ ಅಂಗಡಿಯವರು ವಾಪಸ್ ಹಾಕೋದು ಜಾಸ್ತಿ ಆಗಿತ್ತು. ವಾಪಸ್ ಅಂದ್ರೆ ಮಾಲು ಊರಿಗೆ ಬರೋದಿಲ್ಲ, ಬಿಲ್ಲಲ್ಲಿ ದುಡ್ಡು ಕಟ್ ಆಗುತ್ತೆ ಅಷ್ಟೇ. ಎಲ್ಲರ ಬಾಯಲ್ಲೂ ಒಂದೇ ಮಾತು, ಕೋಲ್ಡ್ ರೂಮ್ ಬೇಕು. ಸಬ್ಸಿಡಿ ಕಳೆದು ತಲೆಗೆ 50 ಸಾವಿರ ಸಾಲ. ನಾನೂ ಕೈ ಎತ್ತಿದ್ದೆ. ತೋಟಗಾರಿಕೆ ಓದಿದವಳು ನಾನು, ಕೊಯ್ಲಿನ ನಂತರದ ನಷ್ಟ ಅಂದ ತಕ್ಷಣ ತಲೆಗೆ ಬರೋದೇ ಶೀತಲಗೃಹ.

ತಡೆದವನು ನನ್ನ ಚಿಕ್ಕಪ್ಪನ ಮಗ. ಡಿಗ್ರಿ ಮುಗಿಸಿ ಎರಡು ವರ್ಷ ಆಗಿತ್ತು, ಕೆಲಸ ಇರಲಿಲ್ಲ. ಬಿಸಿನೆಸ್ ಅನಲಿಸ್ಟ್ ಆಗ್ತೀನಿ ಅಂತ ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಕೂತಿರ್ತಿದ್ದ. ಮನೇಲಿ ಯಾರಿಗೂ ಅದೇನು ಅಂತ ಅರ್ಥ ಆಗಿರಲಿಲ್ಲ, ನನಗೂ ಅಷ್ಟೇ. ಮೀಟಿಂಗಲ್ಲಿ ಹಿಂದೆ ಕೂತಿದ್ದವನು ಮೆಲ್ಲಗೆ ಕೇಳಿದ: "ಅಕ್ಕಾ, ಯಾವ ಮಾಲು ಎಷ್ಟು ವಾಪಸ್ ಬರ್ತಿದೆ ಅಂತ ಲೆಕ್ಕ ಇದೆಯಾ?"

ಇರಲಿಲ್ಲ. ಒಟ್ಟು ಎಷ್ಟು ಕಟ್ ಆಯ್ತು ಅನ್ನೋದು ಮಾತ್ರ ಗೊತ್ತಿತ್ತು. "ನಾಲ್ಕು ವಾರ ಟೈಮ್ ಕೊಡಿ, ಆಮೇಲೆ ಸಾಲದ ಮಾತು" ಅಂದ. ಹಿರಿಯರೊಬ್ಬರು ನಕ್ಕರು, ಆದರೂ ಒಪ್ಪಿದರು.

ಈ ಕೆಲಸ ಏನು ಅಂತ ಆ ನಾಲ್ಕು ವಾರದಲ್ಲಿ ನನಗೆ ಗೊತ್ತಾಯ್ತು. ಕಂಪನಿ ಇರಲಿ, ಸೊಸೈಟಿ ಇರಲಿ, ಜನ ಬಂದು "ನಮಗೆ ಆ್ಯಪ್ ಬೇಕು, ಮೆಷಿನ್ ಬೇಕು" ಅಂತಾರೆ. ಅದು ಅವರು ಕೇಳ್ತಿರೋ ಪರಿಹಾರ. ಅದರ ಹಿಂದೆ ಇರೋ ತೊಂದರೆ ಯಾವುದು, ಈಗ ಕೆಲಸ ಹೇಗೆ ನಡೀತಿದೆ, ಎಲ್ಲಿ ಸೋರ್ತಿದೆ ಅಂತ ವಿಚಾರಿಸಿ, ಅಳೆದು, ಎಲ್ಲರಿಗೂ ಅರ್ಥ ಆಗೋ ಹಾಗೆ ಬರೆದು ಕೊಡೋನೇ ಬಿಸಿನೆಸ್ ಅನಲಿಸ್ಟ್. ಬೆಳೆ ಹಳದಿ ಆಗಿದೆ ಅಂದ ತಕ್ಷಣ ಔಷಧಿ ಅಂಗಡಿಗೆ ಓಡದೆ ಗಿಡ ಕಿತ್ತು ಬೇರು ನೋಡ್ತೀವಲ್ಲ, ಹೆಚ್ಚುಕಮ್ಮಿ ಅದೇ.

ಮೊದಲ ವಾರ ಅವನು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಕೊಯ್ಲಿನಿಂದ ಅಂಗಡಿವರೆಗೆ ಮಾಲಿನ ಜೊತೆಗೇ ಓಡಾಡಿದ. ಒಂದು ರಾತ್ರಿ ಟೆಂಪೋದಲ್ಲೇ ಬೆಂಗಳೂರಿಗೆ ಹೋಗಿ ಬಂದ. ಒಂದು ದೊಡ್ಡ ಹಾಳೆ ಮೇಲೆ ಬಾಣದ ಗುರುತು ಹಾಕಿ ಬರೆದ: ಹಿಂದಿನ ರಾತ್ರಿ 9ಕ್ಕೆ ವಾಟ್ಸಾಪಲ್ಲಿ ಆರ್ಡರ್, ಬೆಳಿಗ್ಗೆ 7ರಿಂದ 9 ಕೊಯ್ಲು, 10ರ ಹೊತ್ತಿಗೆ ಶೆಡ್, ರಾತ್ರಿ 8ಕ್ಕೆ ಟೆಂಪೋ, ಮಾರನೇ ದಿನ ಬೆಳಿಗ್ಗೆ 6ಕ್ಕೆ ಅಂಗಡಿ. ಅದೇ ಹಾಳೆಯನ್ನು ನಾವು ಯಾರಾದ್ರೂ ಬರೆದಿದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತಿತ್ತು. ಆದ್ರೆ ದಿನಾ ನೋಡೋದು ಕಣ್ಣಿಗೆ ಬೀಳಲ್ಲ ನೋಡಿ.

ಆಮೇಲೆ ಅಳತೆ. ಪ್ರತಿ ಕ್ರೇಟಿಗೂ ನಂಬರಿನ ಚೀಟಿ ಕಟ್ಟಿದ. ಶೆಡ್ಡಲ್ಲಿ ಒಂದು ನೋಟ್‌ಬುಕ್ ಇಟ್ಟು ತೂಕ, ಕೊಯ್ದ ಹೊತ್ತು, ಯಾರದ್ದು ಅಂತ ಬರೆಸಿದ. ವಾಪಸ್ ಹಾಕೋ ಕ್ರೇಟಿನ ಫೋಟೋ ಕಳಿಸಿ ಅಂತ ಅಂಗಡಿ ಹುಡುಗರನ್ನು ಕೇಳ್ಕೊಂಡ. ರಾತ್ರಿ ಕೂತು ಎಲ್ಲವನ್ನೂ ಗೂಗಲ್ ಶೀಟ್ಸಿಗೆ ಹಾಕ್ತಿದ್ದ. ಒಂದು ಸಾಲಿಗೆ ಒಂದು ಕ್ರೇಟು. ಬೆಳೆ ಹೆಸರನ್ನು ಯಾವಾಗಲೂ ಒಂದೇ ಥರ ಬರೀಬೇಕು. "ಪಾಲಕ್", "ಪಾಲಾಕ್" ಎರಡೂ ಇದ್ರೆ ಶೀಟಿಗೆ ಅವು ಎರಡು ಬೇರೆ ಬೆಳೆ. ಮೊದಲ ವಾರದ್ದನ್ನು ಸರಿಮಾಡೋಕೇ ಎರಡು ರಾತ್ರಿ ಹಿಡೀತು.

ನಾಲ್ಕು ವಾರಕ್ಕೆ ಕಳಿಸಿದ್ದು 7,400 ಕೆಜಿ, ವಾಪಸ್ 888 ಕೆಜಿ. ನೂರಕ್ಕೆ 12. ಇದು ನಮಗೆ ಅಂದಾಜು ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಏನಂದ್ರೆ, ಆ 888ರಲ್ಲಿ 592 ಕೆಜಿ ಬರೀ ಸೊಪ್ಪು. ಸೊಪ್ಪು ಕಳಿಸಿದ್ದೇ 1,600 ಕೆಜಿ, ಅಂದ್ರೆ ನೂರಕ್ಕೆ 37 ವಾಪಸ್. ಕೆಜಿಗೆ 40 ರೂಪಾಯಿ ಲೆಕ್ಕದಲ್ಲಿ 23,680 ರೂಪಾಯಿ. ಬೀನ್ಸ್ 160 ಕೆಜಿ. ಬದನೆ, ಟೊಮೆಟೊ, ಉಳಿದದ್ದೆಲ್ಲ ಸೇರಿ 136. ಸೊಪ್ಪು ತಗಡಿನ ಶೆಡ್ಡಲ್ಲಿ, ಬೇಸಿಗೆ ಬಿಸಿಲಲ್ಲಿ, ಹತ್ತು ಗಂಟೆ ಕಾಲ ಟೆಂಪೋಗೆ ಕಾಯ್ತಾ ಕೂತಿತ್ತು.

ಇಲ್ಲಿ ಅವನೊಂದು ತಪ್ಪು ಮಾಡಿದ. ಮೀಟಿಂಗಲ್ಲಿ ಬಣ್ಣ ಬಣ್ಣದ ಚಾರ್ಟ್ ಹಾಕಿ, ಯಾರ ಮಾಲು ಎಷ್ಟು ವಾಪಸ್ ಅಂತ ಹೆಸರು ಸಮೇತ ತೋರಿಸಿದ. ಪಟ್ಟಿಯ ತುದಿಯಲ್ಲಿದ್ದ ಅಣ್ಣ ಟವೆಲ್ ಕೊಡವಿ ಎದ್ದು ಹೋದರು. ನನಗೆ ನೆಲ ಕುಸಿದ ಹಾಗಾಯ್ತು, ಯಾಕಂದ್ರೆ ಗುಂಪು ಕಟ್ಟೋಕೆ ನಾವು ಆರು ವರ್ಷ ಪಟ್ಟ ಪಾಡು ನಮಗೇ ಗೊತ್ತು. ಮಾರನೇ ದಿನ ಇವನು ಅವರ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ, ಕಾಫಿ ಕುಡಿದು, ಹೊಲಕ್ಕೂ ಹೋದ. ಅವರ ಹೊಲ ಶೆಡ್ಡಿಂದ 6 ಕಿಲೋಮೀಟರ್. ಸೊಪ್ಪು ಬೈಕಿನ ಹಿಂದೆ, ಏನೂ ಹೊದಿಸದೆ ಬರ್ತಿತ್ತು. ಈ ಕಾರಣ ಯಾವ ಕಾಲಂನಲ್ಲೂ ಇರಲಿಲ್ಲ. ಲೆಕ್ಕ ಯಾರಿಗೆ, ಯಾವಾಗ, ಹೇಗೆ ತೋರಿಸಬೇಕು ಅನ್ನೋದು ಈ ಕೆಲಸದಲ್ಲಿ ಅತಿ ಕಷ್ಟದ ಕಲೆ ಅಂತ ನನಗನ್ನಿಸಿದ್ದು ಆವತ್ತೇ. ಸಾಫ್ಟ್‌ವೇರ್ ಆರು ತಿಂಗಳಲ್ಲಿ ಬರುತ್ತೆ, ಇದು ಬರಲ್ಲ.

ಸೊಪ್ಪನ್ನು ಸಂಜೆ ಕೊಯ್ಯಿ ಅಂತ ಹೇಳೋದು ಸುಲಭ. ನಾನು ಕಾಲೇಜಲ್ಲೇ ಓದಿದ್ದೆ, ತಂಪು ಹೊತ್ತಲ್ಲಿ ಕೊಯ್ಯಬೇಕು ಅಂತ. ಮತ್ತೆ ಬೆಳಿಗ್ಗೆ ಯಾಕೆ ಕೊಯ್ತಿದ್ವಿ? ಅವನು ಕೂಲಿಗೆ ಬರೋ ಹೆಂಗಸರನ್ನೇ ಕೇಳಿದ. ಐದು ಗಂಟೆಗೆ ಮನೆ ಸೇರಬೇಕು, ಹಾಲು ಕರೀಬೇಕು, ಅದಕ್ಕೇ ಬೆಳಿಗ್ಗೆ. ಕೊನೆಗೆ ಅವರೇ ದಾರಿ ಹೇಳಿದ್ರು: ಮಾಲು ಕಳಿಸೋ ದಿನ ತಡವಾಗಿ ಬಂದು ಮೂರೂವರೆಯಿಂದ ಐದರವರೆಗೆ ಸೊಪ್ಪು ಕೊಯ್ದು ಕೊಡ್ತೀವಿ, 30 ರೂಪಾಯಿ ಜಾಸ್ತಿ ಕೊಡಿ. ಒಂಬತ್ತು ಜನ, ನಾಲ್ಕು ವಾರದಲ್ಲಿ ಎಂಟು ದಿನ, 2,160 ರೂಪಾಯಿ. ಜೊತೆಗೆ ಒದ್ದೆ ಗೋಣಿಚೀಲ.

ಇಬ್ಬರು ಮಾತ್ರ ಬದಲಾಗಲಿಲ್ಲ, ಹಳೇ ಥರ ಬೆಳಿಗ್ಗೆನೇ ಕೊಯ್ದರು. ಅದೂ ಒಳ್ಳೇದೇ ಆಯ್ತು. ಅಷ್ಟೊತ್ತಿಗೆ ಮುಂಗಾರು ಬಂದು ವಾತಾವರಣ ತಣ್ಣಗಾಗಿತ್ತು, ವಾಪಸ್ ಕಮ್ಮಿ ಆದ್ರೆ ಮಳೆಯಿಂದಲೇ ಅನ್ನಬಹುದಿತ್ತು. ಮುಂದಿನ ನಾಲ್ಕು ವಾರದಲ್ಲಿ ಬದಲಾದ 12 ಜನರ ಸೊಪ್ಪು 1,300 ಕೆಜಿಯಲ್ಲಿ 143 ವಾಪಸ್, ನೂರಕ್ಕೆ 11. ಆ ಇಬ್ಬರದ್ದು 200ರಲ್ಲಿ 62, ನೂರಕ್ಕೆ 31. ಒಂದೇ ಮಳೆ, ಒಂದೇ ಟೆಂಪೋ.

ಈಗ ಇದನ್ನೇ ವೃತ್ತಿ ಮಾಡ್ಕೋಬೇಕು ಅನ್ನೋರಿಗೆ ನಾಲ್ಕು ಮಾತು. ಗೂಗಲ್ ಶೀಟ್ಸ್ ಅಥವಾ ಎಕ್ಸೆಲಲ್ಲಿ ಸಾರ್ಟ್, ಫಿಲ್ಟರ್, ಸಮ್‌ಇಫ್ಸ್, ಪಿವೋಟ್ ಟೇಬಲ್ ಇಷ್ಟು ಗಟ್ಟಿಯಾಗಿ ಬರಲಿ. ಮೊಬೈಲಲ್ಲಿ ತುಂಬೋಕೆ ಅಡ್ಡಿಯಿಲ್ಲ, ಪಿವೋಟ್ ಮಾಡೋಕೆ ಕಂಪ್ಯೂಟರ್ ಹುಡುಕಿ. ಅಭ್ಯಾಸಕ್ಕೆ ಡೇಟಾ ಬೇಕಾದ್ರೆ ಕೃಷಿ ಮಾರಾಟ ವಾಹಿನಿಯಲ್ಲೋ ಅಗ್‌ಮಾರ್ಕ್‌ನೆಟ್ಟಲ್ಲೋ ಕೋಲಾರದ ಟೊಮೆಟೊ ಧಾರಣೆ ಎತ್ಕೊಳ್ಳಿ. ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಮೂರೂ ಇರುತ್ತೆ. ಮೂರು ವರ್ಷದ್ದು ಇಳಿಸ್ಕೊಂಡು ಯಾವ ತಿಂಗಳು ಹೇಗೆ ಅಂತ ನೋಡಿ. ಆಮೇಲೆ ಎಸ್‌ಕ್ಯೂಎಲ್, ಆಮೇಲೆ ಪವರ್ ಬಿಐ. ಐಐಬಿಎ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಹೊಸಬರಿಗೆ ಇಸಿಬಿಎ ಅಂತ ಒಂದು ಸರ್ಟಿಫಿಕೇಟ್ ಪರೀಕ್ಷೆ ಮಾಡುತ್ತೆ. ದುಡ್ಡಿದ್ರೆ ಬರೀರಿ, ಆದ್ರೆ ಸಾಲ ಮಾಡಿ ಕೋರ್ಸಿಗೆ ಸೇರೋದು ನನಗೆ ಸರಿ ಕಾಣಲ್ಲ.

ಅದಕ್ಕಿಂತ ಮೊದಲು ನಿಮ್ಮ ಹೋಬಳಿಯ ರೈತ ಉತ್ಪಾದಕ ಕಂಪನಿಗೆ ಹೋಗಿ. 10,000 ಎಫ್‌ಪಿಒ ಕಟ್ಟೋ ಕೇಂದ್ರದ ಯೋಜನೆ ಶುರುವಾಗಿದ್ದು 2020ರಲ್ಲಿ. ಹತ್ತಿರದಲ್ಲಿ ಒಂದಾದ್ರೂ ಇದ್ದೀತು. ಗೊಬ್ಬರದ ಸ್ಟಾಕ್, ಸದಸ್ಯರ ಬಾಕಿ, ಖರೀದಿ ದಿನದ ಕ್ಯೂ, ಯಾವುದಾದ್ರೂ ಒಂದೇ ತೊಂದರೆ ಹಿಡೀರಿ. ತಿಂಗಳು ಬಿಟ್ಟು ಎರಡು ಪುಟ ಬರೆದು ಕೊಡಿ: ಹಿಂದೆ ಹೇಗಿತ್ತು, ಏನು ಅಳೆದಿರಿ, ಏನು ಬದಲಾಯ್ತು, ಯಾವುದು ಗೊತ್ತಾಗಲಿಲ್ಲ. ಕನ್ನಡದಲ್ಲೊಂದು, ಇಂಗ್ಲಿಷಲ್ಲೊಂದು.

ನನ್ನ ತಮ್ಮ ಇಂಟರ್‌ವ್ಯೂಗೆ ತಗೊಂಡು ಹೋಗಿದ್ದು ಆ ಎರಡು ಪುಟ ಮತ್ತು ಬಾಣದ ಹಾಳೆಯ ಫೋಟೋ. ಮೊದಲ ಎರಡು ಕಡೆ ಯಾರೂ ತಿರುಗಿ ನೋಡಲಿಲ್ಲ. ಮೂರನೇ ಕಡೆ ಮುಕ್ಕಾಲು ಗಂಟೆ ಎದ್ದು ಹೋದ ಅಣ್ಣನ ವಿಷಯವೇ ಕೇಳಿದ್ರಂತೆ. ಕೆಲಸ ಸಿಕ್ತು, ಬೆಂಗಳೂರಲ್ಲಿ, ತರಕಾರಿ ಸಾಗಣೆ ಕಂಪನಿಯೊಂದರಲ್ಲಿ.

ಕೋಲ್ಡ್ ರೂಮಿನ ಫೈಲು ಇನ್ನೂ ಮುಚ್ಚಿಲ್ಲ. ಸಂಜೆ ಕೊಯ್ಲು ಈ ಬೇಸಿಗೆ ಬಿಸಿಲಿಗೆ ತಡೆಯುತ್ತಾ ನೋಡ್ಬೇಕು. ಬೀನ್ಸ್ ಯಾಕೆ ವಾಪಸ್ ಬರ್ತಿದೆ ಅಂತಲೂ ಇನ್ನೂ ಗೊತ್ತಾಗಿಲ್ಲ. ನೋಟ್‌ಬುಕ್ ಈಗ ಶೆಡ್ಡಲ್ಲಿ ತೂಕ ಹಾಕೋ ಪಿಯುಸಿ ಹುಡುಗಿ ಕೈಲಿದೆ. ಮೊನ್ನೆ ಅವಳು "ಅಕ್ಕಾ, ಬೀನ್ಸಿಗೆ ಯಾವ ಕೊಯ್ಲಿನದ್ದು ಅಂತ ಒಂದು ಕಾಲಂ ಸೇರಿಸ್ಲಾ?" ಅಂತ ಕೇಳಿದಳು. ಸೇರಿಸಿದ್ದೀವಿ.