ಹಳೆ ತಂತಿಯೇ ಹೊಸ ತಂತಿಗೆ ದಾರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಸೈಕಲ್ ಎಂದರೆ ಶಾಲೆಗೆ, ಹೊಲಕ್ಕೆ, ಸಂತೆಗೆ ಹೋಗುವ ಸಾಧನವಷ್ಟೇ ಅಲ್ಲ. ಅದೊಂದು ಪಂಥದ ಆಟ. ಅವಿಭಜಿತ ವಿಜಯಪುರ ಜಿಲ್ಲೆ ನಾಡಿಗೆ ಅನೇಕ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿದೆ. ವಿಜಯಪುರದ ಸೈಕ್ಲಿಂಗ್ ಕ್ರೀಡಾ ವಸತಿನಿಲಯ ಸೇರಬೇಕೆಂಬುದು ಇಲ್ಲಿನ ಎಷ್ಟೋ ಮಕ್ಕಳ ಕನಸು. ಆದರೆ ಸ್ಪರ್ಧೆಯ ಸೈಕಲ್ ದುಬಾರಿ. ಸಾಲವೋ ಸೋಲವೋ ಮಾಡಿ ಪಾಲಕರು ಬಳಸಿದ ಸೈಕಲ್ ಒಂದನ್ನು ಕೊಡಿಸಿದರೆನ್ನಿ. ಕೆಲವು ತಿಂಗಳಲ್ಲಿ ಗೇರ್ ಬಿಗಿಯಾಗುತ್ತದೆ. ತಂತಿ ಬದಲಿಸೋಣವೆಂದರೆ ಅದು ಕಾಣುವುದೇ ಇಲ್ಲ. ಫ್ರೇಮಿನ ಹೊಟ್ಟೆಯೊಳಗೆ ಅಡಗಿ ಕುಳಿತಿದೆ!

ಹಳೆಯ ಕರಿ ಸೈಕಲ್ಲಿಗೆ ಕಂಬಿ ಬ್ರೇಕು. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಕಂಬಿಯ ಜಾಗಕ್ಕೆ ಬಂದದ್ದು ಬೌಡನ್ ಕೇಬಲ್. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದರಲ್ಲಿ ಎರಡು ಭಾಗ: ಒಳಗೆ ಎಳೆಯುವ ತಂತಿ, ಹೊರಗೆ ಕುಗ್ಗದೆ ನಿಲ್ಲುವ ಕವಚ. ಕವಚವು ತನ್ನ ಎರಡು ತುದಿಗಳ ನಡುವಿನ ಒತ್ತಡವನ್ನು ತಾಳಿಕೊಳ್ಳುವುದರಿಂದಲೇ ತಂತಿ ಬಾಗಿದ ದಾರಿಯಲ್ಲೂ ಎಳೆತವನ್ನು ಸಾಗಿಸುತ್ತದೆ.

ಈ ಕೇಬಲ್ಲನ್ನು ಫ್ರೇಮಿನೊಳಗೆ ತೂರಿಸಿದ್ದೇಕೆ? ಮುಖ್ಯ ಕಾರಣ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. ಸ್ಪರ್ಧೆಯಲ್ಲಿ ಕ್ಷಣದ ಲೆಕ್ಕ ನಡೆಯುವಾಗ ಹೊರಗೆ ಜೋತಾಡುವ ತಂತಿಯೂ ಹೊರೆಯೇ. ಆದರೆ ಶಾಲೆಗೆ ನಿಧಾನವಾಗಿ ತುಳಿದು ಹೋಗುವ ಮಗುವಿಗೆ ಇದರಿಂದ ಲಾಭವೇನೂ ಇಲ್ಲ. ಅಂಥವರಿಗೆ ತಂತಿ ಹೊರಗಿರುವ ಸೈಕಲ್ಲೇ ಲೇಸು.

ನೇಕಾರರ ಜಾಣ್ಮೆ

ಒಳತಂತಿ ಬದಲಿಸುವಾಗ ಮೊದಲು ನೆನಪಿಡಬೇಕಾದ ಸೂತ್ರ ರಬಕವಿ-ಬನಹಟ್ಟಿಯ ನೇಕಾರರಿಗೆ ಹೊಸದಲ್ಲ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಅವರು ಹಳೆಯ ಎಳೆಗಳನ್ನು ಪೂರ್ತಿ ಎಳೆದು ಬಿಸಾಡುವುದಿಲ್ಲ. ಅವುಗಳ ತುದಿ ಹಣಿಗೆಯಲ್ಲೇ ಇರುವಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಜೋಡಿಸಿ ಮುಂದಕ್ಕೆ ಎಳೆಯುತ್ತಾರೆ. ಹಣಿಗೆ ಬರಿದಾದರೆ ಸಾವಿರಾರು ಎಳೆಗಳನ್ನು ಮತ್ತೆ ಮೊದಲಿನಿಂದ ಪೋಣಿಸಬೇಕು. ಲಂಗದ ಲಾಡಿ ಒಳಗೆ ಹೋದಾಗ ಪಿನ್ನು ಹಿಡಿದು ಪರದಾಡಿದವರಿಗೂ ಈ ಕಷ್ಟ ಗೊತ್ತು.

ಸೈಕಲ್ಲಿನಲ್ಲೂ ಅಷ್ಟೆ. ಹಳೆಯ ತಂತಿ ಒಳಗಿರುವಾಗಲೇ ಅದರ ಸಿಂಬಾದ ತುದಿಯನ್ನು ಚೊಕ್ಕಟವಾಗಿ ಕತ್ತರಿಸಿ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಕೊಳವೆಯನ್ನು ಒಂದು ರಂಧ್ರದಿಂದ ಇನ್ನೊಂದು ರಂಧ್ರದವರೆಗೆ ಜಾರಿಸಬೇಕು. ಕೊಳವೆ ಎರಡೂ ಕಡೆ ಹೊರಗೆ ಕಂಡ ಮೇಲೆಯೇ ಹಳೆಯ ತಂತಿ ತೆಗೆದು, ಅದೇ ಕೊಳವೆಯಲ್ಲಿ ಹೊಸ ತಂತಿ ತೂರಿಸಬೇಕು. ಬಳಿಕ ಕೊಳವೆಯನ್ನು ಹೊರಗೆ ಜಾರಿಸಿ ತೆಗೆಯಬಹುದು. ಫ್ರೇಮಿನೊಳಗೆ ಹಾದ ಕವಚವನ್ನೇ ಬದಲಿಸುವುದಿದ್ದರೆ ಒಳತಂತಿಯನ್ನು ಅಲ್ಲಿಯೇ ಬಿಟ್ಟು, ಹಳೆಯ ಕವಚ ತೆಗೆದು, ಅದೇ ತಂತಿಯ ಮೇಲೆ ಹೊಸ ಕವಚ ಜಾರಿಸಬೇಕು.

ದಾರಿ ತಪ್ಪಿದರೆ?

ತಂತಿ ಆಗಲೇ ಹೊರಬಂದಿದ್ದರೆ? ಆಗ ವಿಜ್ಞಾನ ಪಾಠ ನೆರವಿಗೆ ಬರುತ್ತದೆ. ಹಗುರವಾದ ದಾರದ ತುದಿಗೆ ಚಿಕ್ಕ ಹತ್ತಿಯ ಚೂರು ಕಟ್ಟಿ ಒಂದು ರಂಧ್ರದಲ್ಲಿ ಬಿಡಿ. ಉಳಿದ ರಂಧ್ರಗಳನ್ನು ಮುಚ್ಚಿ, ದಾರ ಹೊರಬರಬೇಕಾದ ರಂಧ್ರಕ್ಕೆ ಕಸ ಹೀರುವ ಯಂತ್ರದ ಬಾಯಿ ಹಿಡಿಯಿರಿ. ದಾರ ಹಾರಿ ಬರುತ್ತದೆ. ಯಂತ್ರ ಅದನ್ನು 'ಎಳೆಯಿತು' ಎನ್ನುತ್ತೇವೆ. ನಿಜದಲ್ಲಿ ಒಳಗಿನ ಒತ್ತಡ ತಗ್ಗಿದಾಗ ಹೊರಗಿನ ಗಾಳಿಯೇ ಅದನ್ನು ತಳ್ಳಿರುತ್ತದೆ. ಹೀಗೆ ಬಂದ ದಾರಕ್ಕೆ ಇನ್ನಷ್ಟು ಗಟ್ಟಿ ದಾರ, ಅದಕ್ಕೆ ತಂತಿ ಕಟ್ಟಿ ಎಳೆದರಾಯಿತು.

ಇನ್ನೊಂದು ಉಪಾಯ ಅಯಸ್ಕಾಂತ. ದಾರದ ತುದಿಗೆ ಕಬ್ಬಿಣದ ಚೂರು ಕಟ್ಟಿ, ಹೊರಗಿನಿಂದ ಅಯಸ್ಕಾಂತ ಹಿಡಿದು ಮೆಲ್ಲಗೆ ನಡೆಸಬಹುದು. ಇದು ಅಲ್ಯೂಮಿನಿಯಂ ಮತ್ತು ಕಾರ್ಬನ್ ಫ್ರೇಮಿನಲ್ಲಿ ನಡೆಯುತ್ತದೆ. ಉಕ್ಕಿನ ಫ್ರೇಮಿನಲ್ಲಿ ಅಷ್ಟಾಗಿ ನಡೆಯದು. ಅಯಸ್ಕಾಂತದ ಬಲವನ್ನು ಕೊಳವೆಯ ಗೋಡೆಯೇ ಹೀರಿಕೊಳ್ಳುತ್ತದೆ. ಏಕೆಂದು ವಿದ್ಯಾರ್ಥಿಗಳು ಪ್ರಯೋಗ ಮಾಡಿ ತಿಳಿಯಬಹುದು.

ಏನೇ ಆದರೂ ರಂಧ್ರವನ್ನು ದೊಡ್ಡದು ಮಾಡಲು ಡ್ರಿಲ್ ಹಿಡಿಯಬಾರದು. ಸೈಕಲ್ ಓಡುವಾಗ ಕೊಳವೆಯ ಮೇಲೆ ಬೀಳುವ ಒತ್ತಡ ರಂಧ್ರದ ಅಂಚಿನಲ್ಲಿ ಒಟ್ಟುಗೂಡುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ.

ಪ್ರಾಣದ ತಂತಿ

ಗೇರಿನ ತಂತಿ ಕೈಕೊಟ್ಟರೆ ಪಂದ್ಯ ಹೋಗುತ್ತದೆ. ಬ್ರೇಕಿನ ತಂತಿ ಕೈಕೊಟ್ಟರೆ ಪ್ರಾಣವೇ ಹೋಗಬಹುದು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ನಡುವೆ ನುಸುಳುವ ಮಕ್ಕಳ ತಂದೆತಾಯಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೇಕಿನ ಒಳತಂತಿ ಸುಮಾರು 1.6 ಮಿ.ಮೀ. ದಪ್ಪ, ಗೇರಿನದು ಸುಮಾರು 1.2 ಮಿ.ಮೀ. ಕವಚಗಳೂ ಬೇರೆ ಬೇರೆ. ಬ್ರೇಕಿನ ಸಾಮಾನ್ಯ ಕವಚದಲ್ಲಿ ಉಕ್ಕಿನ ಪಟ್ಟಿ ಸುರುಳಿ ಸುತ್ತಿರುತ್ತದೆ. ಗೇರಿನ ಕವಚದಲ್ಲಿ ತಂತಿಗಳು ಉದ್ದಕ್ಕೆ ಸಾಲಾಗಿರುತ್ತವೆ. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಅದು ಸೀಳಿಹೋಗಬಹುದು. ಅಂಗಡಿಯಲ್ಲಿ 'ಯಾವುದಾದರೇನು' ಎಂದರೆ ಒಪ್ಪಬೇಡಿ.

ತಿರುವುಗಳ ಲೆಕ್ಕವೂ ಇರಲಿ. ಘರ್ಷಣಾಂಕ 0.1 ಎಂದಿಟ್ಟುಕೊಂಡರೆ, ಒಟ್ಟು 180 ಡಿಗ್ರಿ ಬಾಗಿದ ಕೇಬಲ್ಲಿನಲ್ಲಿ 100 ಪಾಲು ಎಳೆದರೆ ಆಚೆ ತಲಪುವುದು 73 ಪಾಲು. 360 ಡಿಗ್ರಿ ಬಾಗಿದರೆ 53 ಮಾತ್ರ. ಕೆಂಪು ಧೂಳು, ಎರೆ ಮಣ್ಣಿನ ಕೆಸರು, ಮಳೆಯ ನೀರು ಒಳಸೇರಿದರೆ ಘರ್ಷಣೆ ಇನ್ನೂ ಹೆಚ್ಚುತ್ತದೆ. ಒಳಗಿನ ತುಕ್ಕು ಕಣ್ಣಿಗೆ ಕಾಣದು. ಬೆರಳಿಗೆ ಮಾತ್ರ ತಿಳಿಯುತ್ತದೆ. ಬ್ರೇಕು ಹಿಡಿದು ಬಿಟ್ಟಾಗ ಹಿಡಿಕೆ ತಟ್ಟನೆ ಹಿಂದಕ್ಕೆ ಬರದಿದ್ದರೆ ಅದೇ ಎಚ್ಚರಿಕೆ.

ಹೊಸ ತಂತಿ ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು, ತಂತಿ ಬಿಗಿಯಬಾರದು. ನಿಂತಲ್ಲೇ ಬ್ರೇಕನ್ನು ಬಲವಾಗಿ ಹತ್ತು ಬಾರಿ ಹಿಡಿದು, ಬೋಲ್ಟಿನಿಂದ ತಂತಿ ಜಾರಿದೆಯೇ ಪರೀಕ್ಷಿಸಬೇಕು. ಬಳಿಕ ಜನಸಂಚಾರವಿಲ್ಲದ ಕಡೆ ನಿಧಾನವಾಗಿ ಓಡಿಸಿ ನೋಡಬೇಕು. ಬಳಸಿದ ಸೈಕಲ್ ಕೊಳ್ಳುವ ಪಾಲಕರು ಬಣ್ಣ ನೋಡುವ ಮೊದಲು ಎರಡು ಪ್ರಶ್ನೆ ಕೇಳಲಿ: ಫ್ರೇಮಿನೊಳಗೆ ತಂತಿಗೆ ಪೂರ್ತಿ ಕೊಳವೆ ಇದೆಯೇ? ಇಲ್ಲವಾದರೆ ತಂತಿ ಬದಲಿಸಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ? ಎರಡಕ್ಕೂ ಉತ್ತರ 'ಇಲ್ಲ' ಎಂದಾದರೆ, ಅಗ್ಗದ ಆ ಸೈಕಲ್ ಕೊನೆಗೆ ದುಬಾರಿಯೇ ಆದೀತು.