ಸಂಡೂರಿನ ಕೆಂಪು ಅದಿರು, ರಾಗಿ ಮುದ್ದೆ ಮತ್ತು ಕೈಬಿಟ್ಟ ಒಂದು ಪಾಠ

ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಮೊದಲು ‘ಅನುವಂಶೀಯತೆ ಮತ್ತು ವಿಕಾಸ’ ಅಂತ ಒಂದು ಪಾಠವಿತ್ತು. 2023ರಲ್ಲಿ ಬಂದ ಪುಸ್ತಕದಲ್ಲಿ ಬರೀ ‘ಅನುವಂಶೀಯತೆ’ ಉಳಿಯಿತು. ಮಕ್ಕಳ ಹೊರೆ ಇಳಿಸುವುದಕ್ಕೆ ಅಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯಲ್ಲಿ ವಿಕಾಸದ ಪಾಠ ಇದೆ ನಿಜ, ಆದರೆ ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ಅಂದರೆ ನಮ್ಮಂತೆ ಕಂಪ್ಯೂಟರ್ ದಾರಿ ಹಿಡಿಯುವ ಮಕ್ಕಳು, ಕಾಮರ್ಸ್ ಮಕ್ಕಳು, ಜೀವ ಹೇಗೆ ಇಲ್ಲಿಯವರೆಗೆ ಬಂತು ಅನ್ನುವುದನ್ನು ಶಾಲೆಯಲ್ಲಿ ಸರಿಯಾಗಿ ಕೇಳದೆಯೇ ಡಿಗ್ರಿ ಮುಗಿಸಬಹುದು.

ನನ್ನ ಮಗಳು ಪುಣೆಯಲ್ಲಿ ಸಿಬಿಎಸ್‌ಇ ಏಳನೇ ತರಗತಿ. ಮೂರು ವರ್ಷ ಬಿಟ್ಟು ಅವಳ ಕೈಗೂ ಹತ್ತನೇ ತರಗತಿಯ ಪುಸ್ತಕ ಬರುತ್ತದೆ. ನಾನು ಎಂಸಿಎ ಓದಿದವನು, ಜೀವಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಮನೆಯಲ್ಲಿ ಯಾರಾದರೂ ಈ ಪಾಠ ಮಾಡಲೇಬೇಕಲ್ಲ ಎಂದು ಎರಡು ವರ್ಷದಿಂದ ಓದುತ್ತಿದ್ದೇನೆ. ಮಂಗನಿಂದ ಮಾನವ ಅನ್ನುವ ಆ ಸಾಲು ಚಿತ್ರವನ್ನಂತೂ ಪಕ್ಕಕ್ಕಿಟ್ಟೆ. ನಿಜವಾದ ದೊಡ್ಡ ತಿರುವುಗಳೆಲ್ಲ ಅದಕ್ಕಿಂತ ಬಹಳ ಹಿಂದೆ, ಬರಿಗಣ್ಣಿಗೆ ಕಾಣದ ಜೀವಿಗಳ ಮಟ್ಟದಲ್ಲೇ ನಡೆದುಹೋಗಿವೆ.

ಭೂಮಿಗೆ ವಯಸ್ಸು ಸುಮಾರು 454 ಕೋಟಿ ವರ್ಷ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ 348 ಕೋಟಿ ವರ್ಷದ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆಗಳಿವೆ. ಅವುಗಳಿಗೆ ಸ್ಟ್ರೊಮಾಟೊಲೈಟ್ ಎನ್ನುತ್ತಾರೆ. ಅಷ್ಟು ಹಳೆಯವಲ್ಲದಿದ್ದರೂ ನಮ್ಮ ಚಿತ್ರದುರ್ಗ, ಶಿವಮೊಗ್ಗ, ಸಂಡೂರು ಕಡೆಯ ಪ್ರಾಚೀನ ಶಿಲೆಗಳಲ್ಲೂ ಇಂಥವು ಸಿಕ್ಕಿವೆ.

ಆಮೇಲೆ ಬಂದದ್ದು ಸಯನೋಬ್ಯಾಕ್ಟೀರಿಯಾ. ಬಿಸಿಲು ಮತ್ತು ನೀರಿನಿಂದ ಊಟ ಮಾಡಿಕೊಂಡು ಕಸವಾಗಿ ಆಮ್ಲಜನಕ ಹೊರಗೆ ಬಿಡುವ ಜೀವಿಗಳು. ಆಗಿನ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿತ್ತು. ಆಮ್ಲಜನಕ ತಗುಲಿದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು, ಲಕ್ಷಾಂತರ ವರ್ಷ ಹಾಗೇ ಇಳಿಯುತ್ತಾ ಹೋಯಿತು. ಆಮ್ಲಜನಕ ಇಲ್ಲದೆಯೂ ಕಬ್ಬಿಣವನ್ನು ನೇರವಾಗಿ ತುಕ್ಕು ಹಿಡಿಸುವ ಬ್ಯಾಕ್ಟೀರಿಯಾಗಳಿವೆ, ಯಾರ ಪಾಲು ಎಷ್ಟು ಅನ್ನುವ ವಾದ ಇನ್ನೂ ನಡೆದಿದೆ. ಅದೇನೇ ಇರಲಿ, ಸಂಡೂರಿನ ಅದಿರಿನ ಮೂಲ ಆ ಕಾಲದ ಸಮುದ್ರತಳ, ಅದಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡು, ಕೆಂಪು ಧೂಳು ಕುಡಿದು ಊರು ಸೇರಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ವಾತಾವರಣದಲ್ಲೂ ನಿಲ್ಲತೊಡಗಿತು. ಆಗಿನ ಬಹುಪಾಲು ಜೀವಿಗಳಿಗೆ ಅದು ವಿಷ.

ಆ ವಿಷವನ್ನೇ ಇಂಧನ ಮಾಡಿಕೊಂಡ ಬ್ಯಾಕ್ಟೀರಿಯಾವೊಂದು ಇನ್ನೊಂದು ಜೀವಿಯ ಒಳಗೆ ಸೇರಿ, ಅಲ್ಲೇ ಬಾಡಿಗೆದಾರನಂತೆ ಉಳಿದುಬಿಟ್ಟಿತು. ಅದೇ ಇಂದಿನ ಮೈಟೊಕಾಂಡ್ರಿಯಾ. ಇದನ್ನು ಪುರಾವೆ ಸಮೇತ ವಾದಿಸಿದ್ದು ಅಮೆರಿಕದ ಲಿನ್ ಮಾರ್ಗ್ಯುಲಿಸ್. ಮೂವತ್ತು ತುಂಬದ ಆಕೆಯ ಪ್ರಬಂಧವನ್ನು ಹದಿನೈದರಷ್ಟು ಪತ್ರಿಕೆಗಳು ವಾಪಸು ಕಳಿಸಿದವು, ಕೊನೆಗೆ 1967ರಲ್ಲಿ ಪ್ರಕಟವಾಯಿತು. ನಮ್ಮ ಮೈಟೊಕಾಂಡ್ರಿಯಾದಲ್ಲಿ ಇಂದಿಗೂ ಅದರದೇ ಬೇರೆ ಡಿಎನ್‌ಎ ಇದೆ, 37 ವಂಶವಾಹಿಗಳು, ತಾಯಿಯಿಂದಷ್ಟೇ ಬರುತ್ತವೆ. ಒಂದು ಕಂಪನಿ ಇನ್ನೊಂದನ್ನು ಕೊಂಡಮೇಲೂ ಹಳೆಯ ಸರ್ವರ್ ಮೂಲೆಯಲ್ಲಿ ಓಡುತ್ತಲೇ ಇರುತ್ತದಲ್ಲ, ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ರುಬಿಸ್ಕೊ ಕಥೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಾಕುವ ಕಿಣ್ವ ಇದು. ಹುಟ್ಟಿದ್ದು ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ. ಹಾಗಾಗಿ ಎರಡರ ನಡುವಿನ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಭತ್ತ, ಗೋಧಿಯಂಥ ಬೆಳೆಗಳಲ್ಲಿ ನಾಲ್ಕೈದು ಸಲಕ್ಕೊಮ್ಮೆ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ, ಬಿಸಿಲು ಏರಿದಷ್ಟೂ ಎಡವಟ್ಟು ಜಾಸ್ತಿ. ಇಷ್ಟು ಕೋಟಿ ವರ್ಷವಾದರೂ ವಿಕಾಸ ಇದನ್ನು ಕಿತ್ತೆಸೆದು ಹೊಸದು ಬರೆಯಲಿಲ್ಲ. ಇಪ್ಪತ್ತು ವರ್ಷದ ಹಳೆಯ ಕೋಡ್ ಮುಟ್ಟಲು ಹೆದರುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ!

ಬದಲಿಗೆ ಸುತ್ತಲೂ ಒಂದು ಪ್ಯಾಚ್ ಬಂತು. ಕೆಲವು ಸಸ್ಯಗಳು ಇಂಗಾಲದ ಡೈಆಕ್ಸೈಡನ್ನು ಮೊದಲು ಬೇರೆ ಕಿಣ್ವದಿಂದ ಹಿಡಿದು, ಎಲೆಯ ಒಳಕೋಶಗಳಿಗೆ ಸಾಗಿಸಿ, ಅಲ್ಲಿ ರುಬಿಸ್ಕೊ ಮುಂದೆ ಗುಡ್ಡೆ ಹಾಕುತ್ತವೆ. ಸಿ4 ಎಂದು ಹೆಸರು. ಸುಮಾರು ಮೂರು ಕೋಟಿ ವರ್ಷದ ಹಿಂದೆ ಶುರುವಾಗಿ, ಬೇರೆ ಬೇರೆ ಸಸ್ಯಕುಲಗಳಲ್ಲಿ ಅರವತ್ತಕ್ಕೂ ಹೆಚ್ಚು ಸಲ ಸ್ವತಂತ್ರವಾಗಿ ಹುಟ್ಟಿದೆ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಎಲ್ಲ ಈ ಗುಂಪಿನವು. ಕಡಿಮೆ ನೀರು, ಸುಡುಬಿಸಿಲಿನಲ್ಲಿ ವಿಜಯಪುರದ ಜೋಳ, ಕೋಲಾರದ ರಾಗಿ ತಡೆದುಕೊಳ್ಳುವುದರ ಹಿಂದೆ ಇದರ ಕೈವಾಡವಿದೆ. ಭತ್ತಕ್ಕೂ ಈ ಏರ್ಪಾಟು ಕೂಡಿಸಲು ವಿಜ್ಞಾನಿಗಳು ಎಷ್ಟೋ ವರ್ಷಗಳಿಂದ ಹೆಣಗುತ್ತಿದ್ದಾರೆ. ಮಗಳಿಗೆ ಮುದ್ದೆ ಅಷ್ಟಕ್ಕಷ್ಟೆ, ಈ ಕಥೆ ಕೇಳಿದ ಮೇಲೂ ಅಷ್ಟಕ್ಕಷ್ಟೆ. ಆದರೆ ಕಥೆಯನ್ನು ಅವಳ ಗೆಳತಿಯರಿಗೆಲ್ಲ ಹೇಳಿದ್ದಾಳೆ.

ಮೀನು ನೆಲಕ್ಕೆ ಹತ್ತಿದ್ದು, ಡೈನೊಸಾರ್ ಅಳಿದದ್ದು ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಇಲ್ಲಿ ಬರೆಯುವುದಿಲ್ಲ. ನೋಡಲು ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಿ. ಹೈದರಾಬಾದಿನವರಿಗೆ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್‌ನ ಅಸ್ಥಿಪಂಜರ ಇದೆ. ಚೆನ್ನೈನವರಿಗೆ ಪುದುಚೇರಿ ಕಡೆ ತಿರುವಕ್ಕರೈನಲ್ಲಿ ಕಲ್ಲಾದ ಮರಗಳ ಉದ್ಯಾನವಿದೆ. ಮುಂಬೈ, ಪುಣೆಯವರು ಯಾವ ಗುಡ್ಡ ಹತ್ತಿದರೂ ಆಯಿತು, ಸಿಂಹಗಡದ ಆ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೊಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ ಹರಿದ ಲಾವಾ. ರಜೆಗೆ ಬೆಂಗಳೂರಿಗೆ ಹೋಗುವವರು ಲಾಲ್‌ಬಾಗ್ ಬಂಡೆಯ ಮೇಲೆ ಹತ್ತು ನಿಮಿಷ ಕೂತು ಬನ್ನಿ. ಅದಕ್ಕೆ ಸುಮಾರು 300 ಕೋಟಿ ವರ್ಷ, ಅದು ರೂಪುಗೊಂಡಾಗ ಗಾಳಿಯಲ್ಲಿ ಉಸಿರಾಡಲು ಆಮ್ಲಜನಕ ಇರಲಿಲ್ಲ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಕಲ್ಲು ಕಾಯುತ್ತದೆ.