ಬೆದರಿದ ಕುದುರೆಗಳ ನಡುವೆ ಬೆಳೆದ ಹುಡುಗಿ

'ಮಾತು ಸ್ವಲ್ಪ ತಡ ಡಾಕ್ಟ್ರೇ, ಅಷ್ಟೇ. ಇವನ ಅಪ್ಪನೂ ನಾಲ್ಕು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ.' ಸಾಮಾನ್ಯ ವೈದ್ಯನಾದ ನಾನು ಪದೇ ಪದೇ ಕೇಳುವ ಮಾತಿದು. ಹೇಳುವವರು ಹೆಚ್ಚಾಗಿ ಅಜ್ಜಿಯರು. ಅವರ ಮಾತು ಎಷ್ಟೋ ಸಲ ನಿಜವಾಗುವುದೂ ಉಂಟು. ಆದರೆ ಮಾತು ತಡವಾಗುವುದರ ಜೊತೆಗೆ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ, ಬೇಕಾದ ವಸ್ತುವನ್ನು ಬೆರಳು ತೋರಿಸಿ ಕೇಳುವುದಿಲ್ಲ, ಓರಗೆಯ ಮಕ್ಕಳ ಕಡೆ ಕಣ್ಣೆತ್ತಿಯೂ ನೋಡದೆ ಆಟದ ಕಾರಿನ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುತ್ತದೆ ಎಂದಾದರೆ, 'ಅಪ್ಪನ ಹಾಗೆ' ಎಂದು ಸುಮ್ಮನಿರುವುದು ಸರಿಯಲ್ಲ. ಅದು ಆಟಿಸಂ ಇರಬಹುದು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ.

ಆಟಿಸಂ ಎಂಬ ಹೆಸರು ಕೇಳಿದೊಡನೆ ತಂದೆ ತಾಯಿಯರ ಮುಖ ಬಾಡುತ್ತದೆ. ಮುಂದೆ ಈ ಮಗುವಿನ ಗತಿಯೇನು ಎಂಬುದು ಅವರ ಮೊದಲ ಪ್ರಶ್ನೆ. ಆಗ ನಾನು ಹೇಳುವುದು ಕುದುರೆ ಲಾಯವೊಂದರಲ್ಲಿ ಬೆಳೆದ ಅಮೆರಿಕದ ಒಬ್ಬ ಹುಡುಗಿಯ ಕಥೆ.

ಟೆಂಪಲ್ ಗ್ರಾಂಡಿನ್ ಹುಟ್ಟಿದ್ದು 1947ರಲ್ಲಿ, ಬಾಸ್ಟನ್ ನಗರದಲ್ಲಿ. ಎರಡು ವರ್ಷ ಕಳೆದರೂ ಮಾತಿಲ್ಲ. ಎತ್ತಿಕೊಂಡರೆ ಮೈ ಸೆಟೆದುಕೊಳ್ಳುತ್ತಿತ್ತು. ಸಿಟ್ಟು ಬಂದರೆ ಮನೆಯೇ ಅದುರುವಂತೆ ಕಿರುಚಾಟ. ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ವಿವರಿಸಿದ್ದು 1943ರಲ್ಲಿ. ಹಾಗಾಗಿ ಬಹುಪಾಲು ವೈದ್ಯರಿಗೆ ಅದರ ಪರಿಚಯವೇ ಇರಲಿಲ್ಲ. ಮೆದುಳಿಗೆ ಪೆಟ್ಟಾಗಿದೆ ಎಂದರು. ಇಂಥ ಮಕ್ಕಳನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿ ಮರೆತುಬಿಡುವುದು ಅಂದಿನ ರೂಢಿ. ತಾಯಿ ಒಪ್ಪಲಿಲ್ಲ. ಮಾತು ಕಲಿಸುವ ತರಬೇತಿ ಕೊಡಿಸಿದರು. ಸರದಿಯಂತೆ ಆಡುವ ಆಟಗಳಲ್ಲಿ ದಿನವಿಡೀ ತೊಡಗಿಸಲು ಮನೆಯಲ್ಲೊಬ್ಬ ದಾದಿಯನ್ನು ಇಟ್ಟರು. ಮೂರೂವರೆ ವರ್ಷದ ಹೊತ್ತಿಗೆ ಮಾತು ಬಂತು.

ಆ ಕಾಲದಲ್ಲಿ ಇನ್ನೊಂದು ಅಪವಾದವೂ ಇತ್ತು. ತಾಯಿಗೆ ಪ್ರೀತಿ ಸಾಲದ್ದರಿಂದ ಮಗು ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ತಜ್ಞರೇ ಬರೆಯುತ್ತಿದ್ದರು. ಎಷ್ಟೋ ತಾಯಂದಿರು ಆ ನೋವಿನಲ್ಲೇ ಬೆಂದರು. ಆಟಿಸಂ ಹುಟ್ಟಿನಿಂದಲೇ ಬರುವ ಮೆದುಳಿನ ಬೆಳವಣಿಗೆಯ ವ್ಯತ್ಯಾಸ. ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು. ತಾಯಿಯ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಯೇ ದಡಾರದ ಲಸಿಕೆಗೂ ಸಂಬಂಧವಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆಂದು ಶಂಕೆ ಹುಟ್ಟಿಸಿದ 1998ರ ಪ್ರಬಂಧವನ್ನು ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇಷ್ಟಾದರೂ ಆ ಹೆದರಿಕೆ ಇಂದಿಗೂ ಮನೆಯಿಂದ ಮನೆಗೆ ಹರಿದಾಡುತ್ತಿದೆ. ದಯವಿಟ್ಟು ಅದನ್ನು ನಂಬಿ ಲಸಿಕೆ ತಪ್ಪಿಸಬೇಡಿ.

ಹದಿನಾಲ್ಕರಲ್ಲಿ ಶಾಲೆಯಿಂದ ಹೊರಕ್ಕೆ

ಮಾತು ಬಂದ ಮೇಲೂ ಟೆಂಪಲ್‌ಳ ಕಷ್ಟ ಮುಗಿಯಲಿಲ್ಲ. ಒರಟು ಬಟ್ಟೆ ಮೈಗೆ ತಾಗಿದರೆ ಉಪ್ಪುಕಾಗದದಿಂದ ಉಜ್ಜಿದಂತೆ ಆಗುತ್ತಿತ್ತು. ಶಾಲೆಯ ಗಂಟೆ ಹೊಡೆದರೆ ಹಲ್ಲಿನ ನರಕ್ಕೆ ವೈದ್ಯರ ಡ್ರಿಲ್ ತಾಗಿದಷ್ಟು ನೋವು. ಇದು ಸೋಗಲ್ಲ. ನಮ್ಮ ಮೆದುಳು ಬೇಡದ ಸದ್ದು, ಸ್ಪರ್ಶಗಳನ್ನು ತಾನಾಗಿಯೇ ಸೋಸಿ ಬದಿಗಿಡುತ್ತದೆ. ಮಿಕ್ಸಿ ತಿರುಗುತ್ತಿದ್ದರೂ ನಾವು ಮಾತಾಡುವುದು ಅದರಿಂದಲೇ. ಆಟಿಸಂ ಇರುವ ಅನೇಕರಲ್ಲಿ ಈ ಸೋಸುವಿಕೆ ಸರಿಯಾಗಿ ನಡೆಯುವುದಿಲ್ಲ. ಮದುವೆ ಮಂಟಪದಲ್ಲಿ ವಾಲಗ ಶುರುವಾದೊಡನೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು 'ಹಟಮಾರಿ' ಎಂದು ಗದರಿಸುವ ಮುನ್ನ ಇದನ್ನು ನೆನೆಯಿರಿ.

ಶಾಲೆಯಲ್ಲಿ ಓರಗೆಯ ಹುಡುಗಿಯರು ಅವಳನ್ನು ಅಣಕಿಸುತ್ತಿದ್ದರು. ಒಂದು ದಿನ ಹಾಗೆ ಹೀಯಾಳಿಸಿದವಳ ಮೇಲೆ ಟೆಂಪಲ್ ಪುಸ್ತಕ ಎಸೆದಳು. ಶಾಲೆ ಅವಳನ್ನು ಹೊರಗೆ ಹಾಕಿತು. ಆಗ ಅವಳಿಗೆ ಹದಿನಾಲ್ಕು ವರ್ಷ. ತಾಯಿ ಹುಡುಕಿ ಸೇರಿಸಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಳ್ಳಿಗಾಡಿನಲ್ಲಿದ್ದ ಹ್ಯಾಂಪ್‌ಶೈರ್ ಕಂಟ್ರಿ ಸ್ಕೂಲ್ ಎಂಬ ವಸತಿ ಶಾಲೆಗೆ. ಬುದ್ಧಿಯಲ್ಲಿ ಚುರುಕಾಗಿದ್ದೂ ಮನಸ್ಸಿನ ತೊಂದರೆಗಳಿದ್ದ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ಅಲ್ಲೊಂದು ಕುದುರೆ ಲಾಯವಿತ್ತು.

ಲಾಯದಲ್ಲಿದ್ದವು ಒಂಬತ್ತು ಕುದುರೆಗಳು. ಮುಖ್ಯೋಪಾಧ್ಯಾಯರು ಅವುಗಳನ್ನು ಅಗ್ಗಕ್ಕೆ ಸಿಕ್ಕಿದವೆಂದು ಕೊಂಡು ತಂದಿದ್ದರು. ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣ ಕಾಲಿನ ಊನವಲ್ಲ. ನೋಡಲು ಲಕ್ಷಣವಾಗಿಯೇ ಇದ್ದವು. ಕೆಟ್ಟಿದ್ದದ್ದು ಅವುಗಳ ಮನಸ್ಸು. ಹಿಂದಿನ ಒಡೆಯರ ಕೈಯಲ್ಲಿ ಪೆಟ್ಟು ತಿಂದು, ಹೆದರಿ, ಒದೆಯುವುದನ್ನೂ ಕಚ್ಚುವುದನ್ನೂ ಕಲಿತಿದ್ದವು. ಎರಡು ಕುದುರೆಗಳ ಮೇಲಂತೂ ಯಾರೂ ಹತ್ತುವಂತಿರಲಿಲ್ಲ. ಶಾಲೆಯ ಮಕ್ಕಳಂತೆಯೇ ಕುದುರೆಗಳು ಎಂದರೆ ತಪ್ಪಾಗದು.

ಟೆಂಪಲ್ ಓದಿನ ಕಡೆ ತಲೆ ಹಾಕಲೇ ಇಲ್ಲ. ಲಾಯವೇ ಅವಳ ಶಾಲೆಯಾಯಿತು. ಬೆಳಗ್ಗೆ ಎದ್ದು ಲದ್ದಿ ಬಾಚುವುದು, ಹುಲ್ಲು ನೀರು ಇಡುವುದು, ಬ್ರಷ್ ಹಿಡಿದು ಮೈ ಉಜ್ಜುವುದು, ಜೀನು ಲಗಾಮುಗಳನ್ನು ಒರೆಸಿ ಇಡುವುದು. ಚಳಿಯಿರಲಿ ಮಳೆಯಿರಲಿ ಪ್ರತಿದಿನ ಇದೇ ಕೆಲಸ. ಸುಮಾರು ಮೂರು ವರ್ಷ ಹೀಗೇ ನಡೆಯಿತು. ಮುಖ್ಯೋಪಾಧ್ಯಾಯರು ಅಡ್ಡಿ ಮಾಡಲಿಲ್ಲ. ನಮ್ಮಲ್ಲಾಗಿದ್ದರೆ 'ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಲದ್ದಿ ಬಾಚ್ತಾ ಕೂತಿದ್ದಾಳೆ' ಎಂದು ಮೊದಲ ವಾರವೇ ಲಾಯದ ಬಾಗಿಲು ಮುಚ್ಚಿಸುತ್ತಿದ್ದೆವು.

ಅಲ್ಲಿಯೂ ಅಣಕಿಸುವವರಿದ್ದರು, ಟೆಂಪಲ್ ಕೈ ಮಾಡುತ್ತಿದ್ದಳು. ಅದಕ್ಕೆ ಸಿಕ್ಕ ಶಿಕ್ಷೆ, ಒಂದು ವಾರ ಕುದುರೆ ಸವಾರಿ ಬಂದ್. ಬೈಗುಳ, ಪೆಟ್ಟು ಯಾವುದೂ ಮಾಡದ ಕೆಲಸವನ್ನು ಇದು ಮಾಡಿತು. ಸಿಟ್ಟು ಬಂದಾಗ ಹೊಡೆಯುವ ಬದಲು ಅಳುವುದನ್ನು ತಾನು ಕಲಿತದ್ದು ಹೀಗೆ ಎಂದು ಆಕೆ ದೊಡ್ಡವಳಾದ ಮೇಲೆ ಹೇಳಿಕೊಂಡಿದ್ದಾರೆ. ಅತ್ತರೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಹೊಡೆದರೆ ತೆಗೆಯುತ್ತಾರೆ ಎಂಬುದು ಅವರ ನೇರ ಲೆಕ್ಕ.

ಕುದುರೆಯ ಹೆದರಿಕೆ

ಕುದುರೆ ಬೇಟೆಗೆ ಬಲಿಯಾಗುವ ಪ್ರಾಣಿ. ಹುಲಿ ತೋಳಗಳಿಂದ ಓಡಿ ಬದುಕಿದ ವಂಶ ಅದರದು. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಮೂಗಿನ ನೇರಕ್ಕೆ ತೀರ ಹತ್ತಿರ ಮತ್ತು ಬಾಲದ ಹಿಂದೆ ಮಾತ್ರ ಕಾಣದು. ಹಿಂದಿನಿಂದ ಹೋದವರಿಗೆ ಒದೆ ಬೀಳುವುದು ಇದರಿಂದಲೇ. ಕಿವಿಗಳು ಸದ್ದು ಬಂದ ಕಡೆಗೆ ಬೇರೆ ಬೇರೆಯಾಗಿ ತಿರುಗುತ್ತವೆ. ಒಮ್ಮೆ ಹೆದರಿದ್ದನ್ನು ಕುದುರೆ ಮರೆಯುವುದಿಲ್ಲ, ಅದೂ ಚಿತ್ರದಂತೆ ನೆನಪಿಡುತ್ತದೆ. ಕಪ್ಪು ಟೋಪಿಯವನ ಕೈಯಲ್ಲಿ ಹಿಂಸೆ ಅನುಭವಿಸಿದ ಒಂದು ಕುದುರೆ ಕಪ್ಪು ಟೋಪಿ ಕಂಡರೆ ಕಂಗಾಲಾಗುತ್ತಿತ್ತು, ಬಿಳಿ ಟೋಪಿಗೆ ತಲೆಯನ್ನೇ ಕೆಡಿಸಿಕೊಳ್ಳುತ್ತಿರಲಿಲ್ಲ ಎಂದು ಗ್ರಾಂಡಿನ್ ಬರೆದಿದ್ದಾರೆ.

ಇಂಥ ಭಯವನ್ನು ಹಿಡಿದಿಡುವ ಭಾಗ ಮೆದುಳಿನ ಒಳಗಿರುವ ಅಮಿಗ್ಡಲ. ಬಾದಾಮಿಯಷ್ಟಿರುವ ಈ ಗಂಟು ಕುದುರೆಯಲ್ಲೂ ಇದೆ, ನಮ್ಮಲ್ಲೂ ಇದೆ. ಅಪಾಯ ಎಂದು ಅದಕ್ಕೆ ತೋರಿದರೆ ಎದೆಬಡಿತ ಏರುತ್ತದೆ, ಬೆವರು ಒಡೆಯುತ್ತದೆ, ಕಾಲು ಓಡಲು ಸಜ್ಜಾಗುತ್ತದೆ. ಹಳೆಯ ಭಯ ಪೂರ್ತಿ ಅಳಿಸಿಹೋಗುವುದಿಲ್ಲ ಎಂಬುದು ವಿಜ್ಞಾನಿಗಳ ಅಭಿಪ್ರಾಯ. 'ಈಗ ಅಪಾಯವಿಲ್ಲ' ಎಂಬ ಹೊಸ ಪಾಠ ಅದರ ಮೇಲೆ ಕೂರುತ್ತದೆ. ಆ ಪಾಠ ಒಂದು ದಿನಕ್ಕೆ ಬರುವಂಥದ್ದಲ್ಲ. ಒಂದೇ ಹೊತ್ತಿಗೆ ಬರುವ ಅದೇ ಕೈ, ಅದೇ ಬ್ರಷ್, ಏರದ ದನಿ, ಇವು ದಿನ ದಿನವೂ ಬೇಕು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದನ್ನು ನೀವು ನೋಡಿರಬಹುದು. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಎಂದು ಫ್ರಾನ್ಸಿನ ಅಧ್ಯಯನವೊಂದು 1993ರಲ್ಲಿ ತೋರಿಸಿತು. ಟೆಂಪಲ್ ಇದನ್ನೆಲ್ಲ ಓದಿ ಮಾಡಿದವಳಲ್ಲ. ಮಾತಿಲ್ಲದೆ ಬರೀ ಚಿತ್ರಗಳಲ್ಲಿ ಯೋಚಿಸುವ, ಸದ್ದಿಗೆ ಬೆಚ್ಚಿಬೀಳುವ ಹುಡುಗಿಗೆ ಕುದುರೆಯ ಕಷ್ಟ ಬೇರೆಯವರಿಗಿಂತ ಬೇಗ ತಿಳಿಯಿತು, ಅಷ್ಟೇ. ತನ್ನೊಳಗಿನ ಮುಖ್ಯ ಭಾವನೆಯೇ ಭಯ ಎಂದು ಆಕೆ ಮುಂದೆ ಬರೆದರು.

ಆಕೆ ಎಲ್ಲ ಕುದುರೆಗಳನ್ನೂ ಗುಣಪಡಿಸಿದರು ಎಂದು ನಾನು ಹೇಳುತ್ತಿಲ್ಲ. ಕುದುರೆಗಳಿಗೆ ದಿನನಿತ್ಯದ ಒಂದು ನೆಮ್ಮದಿಯ ಆರೈಕೆ ಸಿಕ್ಕಿತು. ಹುಡುಗಿಗೆ ಹೊತ್ತಿಗೆ ಸರಿಯಾಗಿ ಏಳಲು ಒಂದು ಕಾರಣ, 'ಈ ಕೆಲಸ ಇವಳೇ ಮಾಡಬೇಕು' ಎಂಬ ಮರ್ಯಾದೆ, ಕುದುರೆ ಪ್ರೀತಿಸುವ ಒಂದಿಬ್ಬರ ಗೆಳೆತನ ಸಿಕ್ಕಿತು.

ಹದಿಹರೆಯ ಬಂದಾಗ ಆಕೆಯನ್ನು ಕಾಡಿದ್ದು ಕಾರಣವಿಲ್ಲದ ತೀವ್ರ ಆತಂಕ. ಅರಿಜೋನಾದಲ್ಲಿ ಚಿಕ್ಕಮ್ಮನ ದನದ ಫಾರ್ಮಿಗೆ ರಜೆಯಲ್ಲಿ ಹೋದಾಗ, ಚುಚ್ಚುಮದ್ದು ಕೊಡಲು ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಯಂತ್ರ ಕಂಡರು. ಒತ್ತಿದೊಡನೆ ಕೆಲವು ದನಗಳು ಶಾಂತವಾಗುತ್ತಿದ್ದವು. ತಾನೂ ಅದರೊಳಗೆ ನಿಂತು ನೋಡಿದರು, ಆತಂಕ ಇಳಿಯಿತು. ಹದಿನೆಂಟನೆಯ ವಯಸ್ಸಿಗೆ ತನಗಾಗಿ ಅಂಥದೇ ಮರದ ಯಂತ್ರ ಕಟ್ಟಿಕೊಂಡರು. ಇದೆಂಥ ಹುಚ್ಚು ಎಂದು ಮನಶ್ಶಾಸ್ತ್ರಜ್ಞರು ಕಿತ್ತೆಸೆಯಲು ನೋಡಿದರೆ, ವಿಜ್ಞಾನದ ಮೇಷ್ಟ್ರು ವಿಲಿಯಂ ಕಾರ್ಲಾಕ್ ಅದು ಏಕೆ ಹಿತ ಕೊಡುತ್ತದೆಂದು ಓದಿ ಕಂಡುಹಿಡಿ ಎಂದು ಗ್ರಂಥಾಲಯದ ದಾರಿ ತೋರಿಸಿದರು. ಓದು ಹತ್ತಿದ್ದು ಅಲ್ಲಿಂದ. 1970ರಲ್ಲಿ ಪದವಿ, 1989ರಲ್ಲಿ ಪಶುವಿಜ್ಞಾನದಲ್ಲಿ ಡಾಕ್ಟರೇಟ್, ಆಮೇಲೆ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಕಸಾಯಿಖಾನೆಗಳಲ್ಲಿ ದನಗಳು ಬೆದರದಂತೆ, ನೋಯದಂತೆ ನಡೆಸುವ ವ್ಯವಸ್ಥೆಗಳನ್ನು ರೂಪಿಸಿದ್ದು ಆಕೆಯ ದೊಡ್ಡ ಕೆಲಸ. ಅಮೆರಿಕ, ಕೆನಡಾಗಳ ಸುಮಾರು ಅರ್ಧದಷ್ಟು ದನಗಳು ಆಕೆ ವಿನ್ಯಾಸ ಮಾಡಿದ ವ್ಯವಸ್ಥೆಯಲ್ಲೇ ಹಾದುಹೋಗುವ ಮಟ್ಟಕ್ಕೆ ಅದು ಬೆಳೆಯಿತು. ಈ ಕೆಲಸ ಕೇಳಿ ನಮ್ಮ ಕೆಲವು ಓದುಗರಿಗೆ ಇರಿಸುಮುರಿಸಾದೀತು, ಅದು ಸಹಜ.

ಇನ್ನೊಂದು ಮಾತು. ಆತಂಕ ಕುದುರೆಯಿಂದಾಗಲಿ ಯಂತ್ರದಿಂದಾಗಲಿ ಪೂರ್ತಿ ಹೋಗಲಿಲ್ಲ. ಮೂವತ್ತು ದಾಟಿದ ಮೇಲೆ ವೈದ್ಯರ ಸಲಹೆಯಂತೆ ಕಡಿಮೆ ಪ್ರಮಾಣದ ಖಿನ್ನತೆ ನಿವಾರಕ ಔಷಧಿ ಶುರು ಮಾಡಿದ ಮೇಲೆಯೇ ನೆಮ್ಮದಿ ಸಿಕ್ಕಿತು. ಆಟಿಸಂಗೆ ಔಷಧಿಯಿಲ್ಲ, ಆದರೆ ಅದರ ಜೊತೆಗಿರುವ ಆತಂಕ, ನಿದ್ರಾಹೀನತೆ, ಮೂರ್ಛೆ ರೋಗಗಳಿಗೆ ಚಿಕಿತ್ಸೆಯಿದೆ.

ಹಾಗಾದರೆ ಮಗುವನ್ನು ಕುದುರೆ ಹತ್ತಿಸಬೇಕೆ?

ಈ ಪ್ರಶ್ನೆ ಬಂದೇ ಬರುತ್ತದೆ. ಕುದುರೆ ಸವಾರಿಯನ್ನು ಚಿಕಿತ್ಸೆಗೆ ಬಳಸುವುದು ಹೊಸದಲ್ಲ. ಪೋಲಿಯೋದಿಂದ ಮಂಡಿಯ ಕೆಳಗೆ ಶಕ್ತಿ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದ ಮೇಲೆ ಅದಕ್ಕೆ ಪ್ರಚಾರ ಸಿಕ್ಕಿತು. ಆಟಿಸಂ ವಿಷಯದಲ್ಲಿ ಕೊಲರಾಡೋದ ಸಂಶೋಧಕರು 2015ರಲ್ಲಿ ಒಂದು ಒಳ್ಳೆಯ ಅಧ್ಯಯನ ಪ್ರಕಟಿಸಿದರು. 6ರಿಂದ 16 ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 10 ವಾರ ಸವಾರಿ, ಇನ್ನೊಂದಕ್ಕೆ ಅದೇ ಲಾಯದಲ್ಲಿ ಕುದುರೆಯಿಲ್ಲದ ಪಾಠ. ಸವಾರಿ ಮಾಡಿದವರಲ್ಲಿ ಸಿಡುಕು, ಚಡಪಡಿಕೆ ಹೆಚ್ಚು ಇಳಿಯಿತು, ಮಾತು ಸ್ವಲ್ಪ ಹೆಚ್ಚಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಕುದುರೆ ಆಟಿಸಂ ವಾಸಿ ಮಾಡುತ್ತದೆ ಎನ್ನುವವರನ್ನು, ಅದರಲ್ಲೂ ದೊಡ್ಡ ಮೊತ್ತ ಕೇಳುವವರನ್ನು ನಂಬಬೇಡಿ. ಮಾತಿನ ತರಬೇತಿ, ನಡವಳಿಕೆಯ ತರಬೇತಿಗಳನ್ನು ಬಿಟ್ಟು ಇದೊಂದನ್ನೇ ಹಿಡಿಯುವುದೂ ಬೇಡ. ಕುದುರೆ ಸಿಗದವರು ಕೊರಗಬೇಕಾಗಿಲ್ಲ. ಕೊಟ್ಟಿಗೆಯ ಕರು, ಕೋಳಿ, ಹಿತ್ತಲಿನ ಗಿಡ, ಸೈಕಲ್ ರಿಪೇರಿ, ರೈಲಿನ ವೇಳಾಪಟ್ಟಿ, ಮಗುವಿಗೆ ಯಾವುದು ಹಿಡಿಸುತ್ತದೋ ಅದೇ ದಾರಿ. ಅದನ್ನೊಂದು ಜವಾಬ್ದಾರಿಯ ಕೆಲಸವನ್ನಾಗಿ ದಿನಾ ಮಾಡಿಸಿ.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ತಪಾಸಣೆ. ಒಂದು ವರ್ಷಕ್ಕೆ ಹೆಸರಿಗೆ ತಿರುಗದಿದ್ದರೆ, ಒಂದೂಕಾಲು ವರ್ಷವಾದರೂ ಬೆರಳು ತೋರಿಸದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದಿದ್ದರೆ, ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋದರೂ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ, ಏಕೆಂದರೆ ಕಿವುಡುತನವೂ ಹೀಗೇ ಕಾಣುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತಿನ ಪರೀಕ್ಷೆ, ತರಬೇತಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿದೆಯೇ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಲು ಸಂಕೋಚ ಬೇಡ. ಹೆಣ್ಣು ಮಕ್ಕಳ ಬಗ್ಗೆ ವಿಶೇಷವಾಗಿ ಹೇಳಬೇಕು. 'ಸಂಕೋಚದ ಹುಡುಗಿ, ಯಾರ ತಂಟೆಗೂ ಹೋಗಲ್ಲ' ಎಂಬ ಹೊಗಳಿಕೆಯ ಹಿಂದೆ ಆಟಿಸಂ ವರ್ಷಗಟ್ಟಲೆ ಅಡಗಿರುತ್ತದೆ.

ಇನ್ನು ಮಗುವನ್ನು ನಿಜವಾಗಿಯೂ ಲಾಯಕ್ಕೆ ಕರೆದೊಯ್ಯುವವರಿಗೆ: ಹಿಂದಿನಿಂದ ಕುದುರೆಯ ಬಳಿ ಹೋಗಲು ಬಿಡಬೇಡಿ, ಸವಾರಿಗೆ ಹೆಲ್ಮೆಟ್ ಕಡ್ಡಾಯ. ಲದ್ದಿ ಮತ್ತು ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. 10 ಮತ್ತು 16ನೇ ವಯಸ್ಸಿನ ಟಿ.ಡಿ. ಚುಚ್ಚುಮದ್ದು ಆಗಿದೆಯೇ ಎಂದು ಲಸಿಕೆ ಕಾರ್ಡು ತೆಗೆದು ನೋಡಿ. ಸಣ್ಣ ತರಚುಗಾಯವಾದರೂ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ.